ಸಾಲವಿದೆ, ವರಮಾನ ಕಡಿಮೆ: ಬಾಡಿಗೆ ಮನೆ ಸಿಗುವುದು ಹೇಗೆ?



ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳುತ್ತಿದ್ದರು. ಈಗಿನ ಕಾಲದಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಬಹುದು: ಬಾಡಿಗೆ ಮನೆ ಹುಡುಕಿ ನೋಡು. ಮಕ್ಕಳ ಪರೀಕ್ಷೆ ಮುಗಿದೊಡನೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಬಿಡಾರ ಬದಲಿಸುವ ಕಾಲ ಶುರುವಾಗುತ್ತದೆ. ಶಾಲೆ ತೆರೆಯುವ ಮೊದಲು, ಮಳೆ ಹಿಡಿಯುವ ಮೊದಲು ಒಂದು ಸೂರು ಗಟ್ಟಿಯಾಗಬೇಕು.

ತಿಂಗಳ ಸಂಬಳ ಬರುವವರಿಗೆ ಇದು ನಾಲ್ಕು ದಿನದ ಓಡಾಟ. ಆದರೆ ಬೋಟಿಗೆ ಹೋಗುವವರು, ಗಾರೆ ಕೆಲಸದವರು, ಗೇರುಬೀಜ ಕಾರ್ಖಾನೆಗೆ ಹೋಗುವ ಹೆಂಗಸರು, ಗಂಡನನ್ನು ಕಳೆದುಕೊಂಡು ಮಕ್ಕಳನ್ನು ಸಾಕುತ್ತಿರುವ ತಾಯಂದಿರು, ಆಸ್ಪತ್ರೆ ಖರ್ಚಿಗೆ ಸಾಲ ಮಾಡಿ ಕಂತು ತಪ್ಪಿದವರು, ಇವರೆಲ್ಲ ಗೇಟಿನ ಹೊರಗೆ ನಿಂತೇ ಉತ್ತರ ಕೇಳಿ ಹಿಂದಿರುಗುತ್ತಾರೆ. 'ಮನೆ ಖಾಲಿ ಇಲ್ಲ' ಎಂಬ ಮಾತಿನ ಅರ್ಥ ಅವರಿಗೂ ಗೊತ್ತು, ಹೇಳಿದವರಿಗೂ ಗೊತ್ತು.

ಇಂಥ ಕುಟುಂಬಕ್ಕೆ ಮನೆ ಸಿಗುವ ದಾರಿ ಇದೆಯೇ? ಇದೆ. ಆ ದಾರಿಗೆ ಎರಡು ಹೆಜ್ಜೆ. ಒಂದು, ನಿಮ್ಮ ಸ್ಥಿತಿಯನ್ನು ಮುಚ್ಚಿಡದೆ ಹೇಳುವುದು. ಎರಡು, ಒಪ್ಪಿಕೊಂಡದ್ದನ್ನು ಕಾಗದದ ಮೇಲೆ ಬರೆದಿಡುವುದು. ಕೈಯಲ್ಲಿ ಹಣ ಕಡಿಮೆ ಇರುವವರಿಗೆ ಇವೆರಡೇ ಬಂಡವಾಳ.

ಯಜಮಾನರ ಭಯ ಎಲ್ಲಿಂದ ಬಂತು?

ನಮ್ಮ ಊರುಗಳಲ್ಲಿ ಬೀಗ ಹಾಕಿದ ಮನೆಗಳಿಗೆ ಕೊರತೆಯಿಲ್ಲ. ಮಕ್ಕಳು ಮುಂಬಯಿ, ಬೆಂಗಳೂರು, ಕೊಲ್ಲಿ ದೇಶಗಳಲ್ಲಿ; ಇಲ್ಲಿ ಮನೆ ಖಾಲಿ. ಆದರೂ ಬಾಡಿಗೆಗೆ ಕೊಡಲು ಹಿಂಜರಿಕೆ. ಇದಕ್ಕೆ ಕಾರಣ ಬಾಡಿಗೆ ಬಾರದಿದ್ದರೆ ಎಂಬ ಚಿಂತೆ ಮಾತ್ರವಲ್ಲ, 'ಬಂದವರು ಏಳದಿದ್ದರೆ?' ಎಂಬ ಹಳೆಯ ಭಯವೂ ಹೌದು.

ಈ ಭಯಕ್ಕೆ ಒಂದು ಇತಿಹಾಸವಿದೆ. 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯಿಂದ ಗೇಣಿಗೆ ಸಾಗುವಳಿ ಮಾಡುತ್ತಿದ್ದವರು ಭೂಮಿಯ ಒಡೆತನ ಕೇಳಬಹುದಾಯಿತು. ನಮ್ಮ ಕರಾವಳಿಯಲ್ಲಿ ಸಾವಿರಾರು ಕುಟುಂಬಗಳು 'ಡಿಕ್ಲರೇಶನ್' ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು ತಮ್ಮ ನೆಲ ಪಡೆದವು. ಬಡವರ ಪಾಲಿಗೆ ಅದು ದೊಡ್ಡ ನ್ಯಾಯ. ಭೂಮಿ ಕಳೆದುಕೊಂಡವರ ಮನೆಗಳಲ್ಲಿ ಮಾತ್ರ 'ಒಕ್ಕಲು ಕೂತರೆ ಹೋಯಿತು' ಎಂಬ ಮಾತು ಉಳಿದುಬಿಟ್ಟಿತು.

ಆ ಕಾಯಿದೆ ಕೃಷಿ ಭೂಮಿಯ ಗೇಣಿಗೆ ಸಂಬಂಧಿಸಿದ್ದು. ವಾಸಕ್ಕೆಂದು ಬಾಡಿಗೆಗೆ ಪಡೆದ ಮನೆ ಎಷ್ಟು ವರ್ಷ ಕೂತರೂ ಬಾಡಿಗೆದಾರನದ್ದಾಗುವುದಿಲ್ಲ. ಕರಾರು ಪತ್ರಕ್ಕೆ ಸಹಿ ಹಾಕಿ, ಬಾಡಿಗೆ ಕೊಟ್ಟು ವಾಸಿಸುವವನು ಯಜಮಾನರ ಒಡೆತನವನ್ನು ಒಪ್ಪಿಕೊಂಡೇ ವಾಸಿಸುತ್ತಾನೆ. ಆದ್ದರಿಂದ ಬರವಣಿಗೆಯ ಕರಾರು ಬಾಡಿಗೆದಾರನನ್ನು ಕಾಯುವಷ್ಟೇ ಯಜಮಾನರನ್ನೂ ಕಾಯುತ್ತದೆ. ಮನೆ ಕೇಳಲು ಹೋದಾಗ 'ಬರೆದುಕೊಡಲು ನಾವು ತಯಾರು' ಎಂದು ನೀವೇ ಮೊದಲು ಹೇಳಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಸಿಬಿಲ್ ಮತ್ತು ಊರಿನ ಬಾಯಿ

ಅಮೆರಿಕದಂಥ ದೇಶಗಳಲ್ಲಿ ಮನೆ ಯಜಮಾನರು ಬಾಡಿಗೆದಾರನ ಸಾಲದ ಅಂಕ ನೋಡಿಯೇ ಕೀಲಿಕೈ ಕೊಡುವುದು ಸಾಮಾನ್ಯ. ನಮ್ಮಲ್ಲಿಯೂ 2000ನೇ ಇಸವಿಯಲ್ಲಿ ಸಿಬಿಲ್ ಸಂಸ್ಥೆ ಹುಟ್ಟಿತು. 300ರಿಂದ 900ರವರೆಗಿನ ಅದರ ಅಂಕವನ್ನು ಬ್ಯಾಂಕು, ಫೈನಾನ್ಸಿನವರು ಸಾಲ ಕೊಡುವ ಮೊದಲು ನೋಡುತ್ತಾರೆ. ಮೊಬೈಲು, ಬೈಕಿನ ಕಂತು ತಪ್ಪಿದರೂ ಅಂಕ ಇಳಿಯುತ್ತದೆ. ಆದರೆ ಕುಂದಾಪುರದ ಪೇಟೆಯಲ್ಲಿ ಎರಡು ಕೋಣೆಯ ಮನೆ ಕೊಡುವವರು ಸಿಬಿಲ್ ಕೇಳುವುದಿಲ್ಲ. ಅವರು ಕೇಳುವುದು ಊರಿನ ಬಾಯಿಯನ್ನು: ಹಿಂದಿನ ಮನೆಯವರನ್ನು, ದಿನಸಿ ಅಂಗಡಿಯವರನ್ನು, ರಿಕ್ಷಾ ನಿಲ್ದಾಣದವರನ್ನು.

ಆದ್ದರಿಂದ ಮನೆ ಹುಡುಕುವ ಮೊದಲು ಮಾಡಬೇಕಾದ ಕೆಲಸ ಇಲ್ಲಿಯೇ ಇದೆ. ಅಂಗಡಿಯಲ್ಲಿ ಹಳೆಯ ಬಾಕಿ ಇದ್ದರೆ ತಪ್ಪಿಸಿಕೊಂಡು ಬೇರೆ ದಾರಿಯಲ್ಲಿ ನಡೆಯಬೇಡಿ. ಐನೂರು ರೂಪಾಯಿಯಾದರೂ ಕೊಟ್ಟು, ಉಳಿದದ್ದನ್ನು ಯಾವಾಗ ಕೊಡುತ್ತೀರೆಂದು ಹೇಳಿ. ನಾಳೆ ನಿಮ್ಮ ವಿಚಾರ ಕೇಳಿದವರಿಗೆ 'ಕಷ್ಟದಲ್ಲಿದ್ದಾರೆ, ಆದರೆ ಕೊಡುವವರು' ಎಂದು ಅವರು ಹೇಳಿದರೆ ಅದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕಿಲ್ಲ.

ಸಿಬಿಲನ್ನೂ ಪೂರ್ತಿ ಮರೆಯಬಾರದು. ಮುಂದೊಂದು ದಿನ ಸ್ವಂತ ಮನೆಗೆ ಸಾಲ ಬೇಕಾದೀತು. ಪ್ರತಿಯೊಂದು ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಅದನ್ನು ತರಿಸಿ ನೋಡಿ. ತೀರಿಸಿದ ಸಾಲ ಇನ್ನೂ ಬಾಕಿ ಎಂದು ತೋರಿಸುತ್ತಿದ್ದರೆ ದೂರು ಕೊಡಿ. ಸಾಲ ತೀರಿಸಿದಾಗಲೆಲ್ಲ 'ಬಾಕಿ ಇಲ್ಲ' ಎಂಬ ಪತ್ರ ಪಡೆದು ಜೋಪಾನವಾಗಿ ಇಡಿ.

ಹನ್ನೆರಡು ತಿಂಗಳ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎನ್ನುತ್ತೇವೆ. ನಮ್ಮ ಕರಾವಳಿಯಲ್ಲಿ ಹಾಸಿಗೆ ಎಲ್ಲ ತಿಂಗಳೂ ಒಂದೇ ಉದ್ದ ಇರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಗಂಗೊಳ್ಳಿಯ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತುಬಿಡುತ್ತವೆ. ಮಳೆ ಜೋರಾದರೆ ಕೆಂಪುಕಲ್ಲು ಕೋರೆ, ಗಾರೆ ಕೆಲಸವೂ ನಿಲ್ಲುತ್ತದೆ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಗಂಡನಿಗೆ ಬೋಟಿನಿಂದ ತಿಂಗಳಿಗೆ 16,000 ರೂಪಾಯಿ, ವರ್ಷದಲ್ಲಿ ಹತ್ತು ತಿಂಗಳು. ಹೆಂಡತಿಗೆ ಮನೆಗೆಲಸದಿಂದ ತಿಂಗಳಿಗೆ 5,000, ಹನ್ನೆರಡು ತಿಂಗಳೂ. ಒಟ್ಟು ವರ್ಷಕ್ಕೆ 2,20,000. ಸಂಘದ ಸಾಲ, ಒಡವೆ ಸಾಲಗಳ ಕಂತು ತಿಂಗಳಿಗೆ 5,000, ಅಂದರೆ ವರ್ಷಕ್ಕೆ 60,000. ಕೈಯಲ್ಲಿ ಉಳಿಯುವುದು 1,60,000. ಇದನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 13,300. ಬಾಡಿಗೆಯನ್ನು ಈ 13,300ರಿಂದ ಅಳೆಯಬೇಕೇ ಹೊರತು ಗಂಡಹೆಂಡಿರ ಒಳ್ಳೆಯ ತಿಂಗಳ 21,000ದಿಂದ ಅಲ್ಲ. ಅದರ ಮೂರನೇ ಒಂದು ಭಾಗ, ಅಂದರೆ ನಾಲ್ಕು ಸಾವಿರದ ಆಸುಪಾಸು ಈ ಕುಟುಂಬ ತಡೆದುಕೊಳ್ಳುವ ಬಾಡಿಗೆ. ಆರು ಸಾವಿರದ ಮನೆಗೆ ಒಪ್ಪಿದರೆ ಎರಡನೇ ಮಳೆಗಾಲದೊಳಗೆ ಮತ್ತೆ ಸಾಲ ನಿಶ್ಚಯ.

ಇನ್ನೂ ಒಂದು ವಿಷಯ ಗಮನಿಸಿ. ಜೂನ್, ಜುಲೈಯಲ್ಲಿ ಈ ಮನೆಗೆ ಬರುವುದು ಹೆಂಡತಿಯ 5,000 ಮಾತ್ರ. ಅದು ಕಂತಿಗೇ ಸರಿಹೋಯಿತು. ಹಾಗಾದರೆ ಎರಡು ತಿಂಗಳ ಬಾಡಿಗೆ 8,000 ಎಲ್ಲಿಂದ? ಆಗಸ್ಟಿನಿಂದ ಮೇವರೆಗಿನ ಹತ್ತು ತಿಂಗಳು, ತಿಂಗಳಿಗೆ 800 ರೂಪಾಯಿಯಂತೆ ತೆಗೆದಿಟ್ಟರೆ ಮಾತ್ರ. ಅಂಚೆ ಕಚೇರಿಯ ಆರ್.ಡಿ. ಖಾತೆಗೋ ಸೊಸೈಟಿಗೋ ಹಾಕಿ. ಆ ಎರಡು ತಿಂಗಳ ಅಕ್ಕಿ, ಸಾಮಾನಿಗೂ ಇದೇ ರೀತಿ ಬೇರೆಯಾಗಿ ಕೂಡಿಡಬೇಕು. ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಯವರು ಅದನ್ನು ಬಾಡಿಗೆಯ ಲೆಕ್ಕಕ್ಕೆ ಹಿಡಿಯದೆ ಈ ಮಳೆಗಾಲದ ಉಳಿತಾಯಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ತಡವಾಗಿ ಬಂದ ಹಣವನ್ನು ನಂಬಿ ಐದನೇ ತಾರೀಕಿಗೆ ಬಾಡಿಗೆ ಕೊಡಲಾಗದು.

ಪೇಟೆಯಿಂದ ಒಳಗೆ ಹೋದಷ್ಟೂ ಬಾಡಿಗೆ ಇಳಿಯುತ್ತದೆ, ನಿಜ. ಆದರೆ ಬಸ್ಸಿನ ಖರ್ಚನ್ನು ಕೂಡಿಸಿ ನೋಡಿ. 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಉಚಿತ ಪ್ರಯಾಣ ಇರುವುದು ಸರಕಾರಿ ಬಸ್ಸಿನಲ್ಲಿ. ನಮ್ಮ ಕಡೆ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸು. ಬಾಡಿಗೆಯಲ್ಲಿ ಸಾವಿರ ಉಳಿಸಿ, ಬಸ್ಸಿಗೆ ಸಾವಿರದ ಇನ್ನೂರು ಕೊಟ್ಟರೆ ಏನು ಲಾಭ?

ಮನೆ ನೋಡುವಾಗ ಬಣ್ಣ ನೋಡಬೇಡಿ, ನೀರು ನೋಡಿ. ಹೊಳೆ, ಕಡಲು ಹತ್ತಿರ ಇರುವ ಕಡೆ ಡಿಸೆಂಬರಿನಲ್ಲಿ ಸಿಹಿಯಾಗಿದ್ದ ಬಾವಿ ಏಪ್ರಿಲಿನಲ್ಲಿ ಉಪ್ಪಾಗುವುದುಂಟು. ನೆರೆಮನೆಯವರನ್ನು ಕೇಳಿ. ಮಾಡಿನ ಹೆಂಚು, ಗೋಡೆಯ ಬುಡದ ತೇವ, ಅಂಗಳದ ನೀರು ಹೋಗುವ ದಾರಿ ಇವನ್ನು ಮೇ ತಿಂಗಳಲ್ಲೇ ಪರೀಕ್ಷಿಸಿ. ಸೋರುವ ಮನೆ ಅಗ್ಗಕ್ಕೆ ಸಿಕ್ಕಿದರೂ ಮಕ್ಕಳ ಮದ್ದಿಗೆ ಅದಕ್ಕಿಂತ ಹೆಚ್ಚು ಹೋಗುತ್ತದೆ.

ಹೇಗೆ ಮಾತಾಡಬೇಕು?

ಸಾಲವಿದ್ದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾರೆ. ಎಲ್ಲವನ್ನೂ ಮುಚ್ಚಿಡುತ್ತಾರೆ, ಇಲ್ಲವೇ ಕಣ್ಣೀರಿಟ್ಟು ಕೇಳಿಕೊಳ್ಳುತ್ತಾರೆ. ಎರಡೂ ಬೇಡ. ಮುಚ್ಚಿಟ್ಟ ಸಾಲ ವಸೂಲಿಯವರ ಬೈಕಿನ ಸದ್ದಿನೊಡನೆ ಒಂದು ದಿನ ಅಂಗಳಕ್ಕೆ ಬಂದೇ ಬರುತ್ತದೆ. ಕಣ್ಣೀರಿಗೆ ಕರಗಿ ಕೊಟ್ಟ ಮನೆಯಲ್ಲಿ ದಿನವೂ ಋಣದ ಭಾರ ಹೊತ್ತು ಬದುಕಬೇಕಾಗುತ್ತದೆ. ಲೆಕ್ಕ ಹೇಳಿ ಕೇಳುವುದೇ ಮರ್ಯಾದೆಯ ದಾರಿ.

'ಶೆಟ್ರೇ, ನಮಗೆ ಸಾಲ ಇರುವುದು ಹೌದು. ತಿಂಗಳಿಗೆ ಐದು ಸಾವಿರ ಕಂತು ಕಟ್ಟುತ್ತಿದ್ದೇವೆ. ಅದು ಕಳೆದು ನಾಲ್ಕು ಸಾವಿರದವರೆಗೆ ಬಾಡಿಗೆ ಕೊಡಲು ನಮಗೆ ಆಗುತ್ತದೆ. ಮಳೆಗಾಲದ ಎರಡು ತಿಂಗಳಿಗೆ ಬೇರೆ ತೆಗೆದಿಡುತ್ತೇವೆ. ಅಡ್ವಾನ್ಸ್ ಒಮ್ಮೆಲೇ ಆಗದು, ಮೂರು ಸಲಕ್ಕೆ ಕೊಡಲು ಅವಕಾಶ ಮಾಡಿಕೊಡಿ. ಬರೆದುಕೊಡುತ್ತೇವೆ.' ಹೀಗೆ ನೇರವಾಗಿ ಹೇಳಿದವರನ್ನು ಎಲ್ಲರೂ ಒಪ್ಪುತ್ತಾರೆಂದಲ್ಲ. ಆದರೆ ಹತ್ತು ಮನೆಯಲ್ಲಿ ಒಂದು ಮನೆ ಒಪ್ಪಿದರೂ ಸಾಕಲ್ಲ? ನಮಗೆ ಬೇಕಾದದ್ದು ಒಂದೇ ಮನೆ.

ಮಾತಿಗೆ ಬಲ ಕೊಡುವ ಕೆಲವು ಸಂಗತಿಗಳು ಇಲ್ಲಿವೆ:

1. ಹಿಂದಿನ ಮನೆ ಯಜಮಾನರ ಎರಡು ಸಾಲಿನ ಪತ್ರ. ಜಗಳ ಮಾಡಿಕೊಂಡು ಮನೆ ಬಿಡಬೇಡಿ ಎಂದು ಹೇಳುವುದು ಇದಕ್ಕಾಗಿಯೇ.

2. ಬಾಡಿಗೆ ಕೊಟ್ಟ ರಶೀದಿಗಳು, ಅಥವಾ ಫೋನಿನಲ್ಲಿ ಕಳುಹಿಸಿದ ಹಣದ ದಾಖಲೆ. ಹನ್ನೆರಡು ತಿಂಗಳ ದಾಖಲೆ ತೋರಿಸಿದರೆ ಸಾಲದ ಮಾತು ಹಿಂದೆ ಸರಿಯುತ್ತದೆ.

3. ಗುರುತು ಹೇಳುವವರು. ಕೆಲಸ ಕೊಟ್ಟ ಕಂಟ್ರಾಕ್ಟರು, ಶಾಲೆಯ ಟೀಚರು, ವಾರ್ಡಿನ ಗುರಿಕಾರರು, ಧರ್ಮಗುರುಗಳು. ಅವರು ಹೇಳಬೇಕಾದದ್ದು ನಿಮ್ಮನ್ನು ಬಲ್ಲೆವು ಎಂದು ಮಾತ್ರ. ಗೊತ್ತಿಲ್ಲದ್ದನ್ನು ಹೇಳಿಸಬೇಡಿ.

4. ಹಣ ಬರುವ ದಿನಕ್ಕೆ ಹೊಂದುವ ಬಾಡಿಗೆ ದಿನ. ಬೋಟಿನ ಪಾಲು ವಾರಕ್ಕೊಮ್ಮೆ ಸಿಗುವವರು ವಾರಕ್ಕೆ ಸಾವಿರದಂತೆ ಕೊಡುತ್ತೇವೆ ಎಂದು ಕೇಳಬಹುದು. ಒಟ್ಟಿಗೆ ಕೂಡಿಡುವ ಕಷ್ಟ ತಪ್ಪುತ್ತದೆ.

ಜಾಮೀನಿನ ವಿಷಯದಲ್ಲಿ ಎಚ್ಚರಿಕೆ ಬೇಕು. 1872ರ ಕರಾರು ಕಾಯಿದೆಯ ಪ್ರಕಾರ, ಬೇರೆ ರೀತಿ ಬರೆಯದಿದ್ದರೆ, ಜಾಮೀನು ನಿಂತವನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಭಾವನನ್ನೋ ಚಿಕ್ಕಪ್ಪನನ್ನೋ ಜಾಮೀನು ಕೇಳುವುದಾದರೆ 'ಮೂರು ತಿಂಗಳ ಬಾಡಿಗೆಯವರೆಗೆ ಮಾತ್ರ' ಎಂದು ಮಿತಿ ಬರೆಸಿ. ನಿಮ್ಮ ಕಷ್ಟ ಅವರ ಮನೆ ಮುರಿಯಬಾರದು.

ಅಡ್ವಾನ್ಸಿಗೆಂದು ಬಡ್ಡಿಗೆ ಸಾಲ ತೆಗೆಯುವುದಂತೂ ಬೇಡವೇ ಬೇಡ. ಯಜಮಾನರ ಕೈಯಲ್ಲಿ ಬಡ್ಡಿಯಿಲ್ಲದೆ ಕೂರುವ ಹಣಕ್ಕೆ ನೀವು ತಿಂಗಳು ತಿಂಗಳು ಬಡ್ಡಿ ಕಟ್ಟಬೇಕಾಗುತ್ತದೆ. 2021ರಲ್ಲಿ ಕೇಂದ್ರ ಸರಕಾರ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದು ಹೇಳಿತು. ರಾಜ್ಯಗಳು ತಮ್ಮದಾಗಿ ಮಾಡಿಕೊಂಡ ಕಡೆ ಮಾತ್ರ ಅದಕ್ಕೆ ಬಲ. ಆದರೂ ನ್ಯಾಯವಾದ ಅಳತೆ ಯಾವುದೆಂದು ಮಾತುಕತೆಯಲ್ಲಿ ಹೇಳಲು ಅದು ನೆರವಾಗುತ್ತದೆ.

ಧರ್ಮಕೇಂದ್ರದಲ್ಲಿ ಸಂತ ವಿನ್ಸೆಂಟ್ ಡಿ ಪಾವ್ಲ್ ಸಭೆ ಇದ್ದರೆ ಅದರ ಸದಸ್ಯರಿಗೆ ತಿಳಿಸಲು ನಾಚಬೇಡಿ. 1833ರಲ್ಲಿ ಪ್ಯಾರಿಸಿನಲ್ಲಿ ಫ್ರೆಡರಿಕ್ ಓಝಾನಮ್ ಮತ್ತು ಗೆಳೆಯರು ಅದನ್ನು ಆರಂಭಿಸಿದ್ದು ಬಡವರನ್ನು ಅವರ ಮನೆಯಲ್ಲೇ ಹೋಗಿ ಕಾಣುವುದಕ್ಕಾಗಿ. ಮನೆಯೇ ಇಲ್ಲದಾಗುವ ಹೊತ್ತು ಅವರಿಗೆ ಗೊತ್ತಾಗಲೇಬೇಕು.

ಬರೆದಿಟ್ಟದ್ದೇ ಉಳಿಯುತ್ತದೆ

1974ರ ನಂತರ ಭೂನ್ಯಾಯ ಮಂಡಳಿಯ ಮುಂದೆ ಹಳೆಯ ಗೇಣಿ ಚೀಟಿ ಜೋಪಾನ ಮಾಡಿದ್ದವರ ಮಾತಿಗೆ ಬೇರೆಯೇ ತೂಕವಿತ್ತು. ಚೀಟಿ ಇಲ್ಲದವರು ಸಾಕ್ಷಿಗಳಿಗಾಗಿ ಅಲೆಯಬೇಕಾಯಿತು. ಬಾಡಿಗೆ ಮನೆಯವರಿಗೂ ಇದೇ ಪಾಠ.

ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು ರೂಢಿ. ಒಂದು ವರ್ಷಕ್ಕೆ ಮೀರಿದ ಕರಾರನ್ನು 1908ರ ನೋಂದಣಿ ಕಾಯಿದೆಯ ಪ್ರಕಾರ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕಾಗುವುದೇ ಇದಕ್ಕೆ ಕಾರಣ. ಕರಾರು ಪತ್ರವನ್ನು ಇ-ಸ್ಟಾಂಪ್ ಕಾಗದದಲ್ಲಿ, ನಿಮಗೆ ತಿಳಿಯುವ ಕನ್ನಡದಲ್ಲೇ ಬರೆಸಿ. ಅದರಲ್ಲಿ ಇವು ಇರಲಿ: ತಿಂಗಳ ಬಾಡಿಗೆ ಎಷ್ಟು, ಯಾವ ತಾರೀಕಿಗೆ, ಅಡ್ವಾನ್ಸ್ ಎಷ್ಟು, ಮನೆ ಬಿಟ್ಟಾಗ ಎಷ್ಟು ದಿನದೊಳಗೆ ಹಿಂದೆ ಕೊಡಬೇಕು, ಯಾವುದಕ್ಕೆ ಹಿಡಿದುಕೊಳ್ಳಬಹುದು, ನೀರು, ಕರೆಂಟು ಯಾರದ್ದು, ಮಾಡು ಸೋರಿದರೆ ರಿಪೇರಿ ಯಾರದ್ದು, ಹನ್ನೊಂದು ತಿಂಗಳ ನಂತರ ಬಾಡಿಗೆ ಎಷ್ಟು ಏರಬಹುದು, ಬಿಡಲು ಎಷ್ಟು ದಿನದ ಮುಂಚಿತ ಸೂಚನೆ. ಒಂದು ಪ್ರತಿ ನಿಮ್ಮ ಕೈಯಲ್ಲಿರಬೇಕು. ಬಾಡಿಗೆಯನ್ನು ಕೈಯಲ್ಲಿ ಕೊಟ್ಟರೆ ಒಂದು ಪುಸ್ತಕದಲ್ಲಿ ಸಹಿ ತೆಗೆದುಕೊಳ್ಳಿ.

ಕರೆಂಟಿನ ವಿಷಯ ಹಲವರು ಮರೆಯುತ್ತಾರೆ. 2023ರ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಹಳೆಯ ಮನೆಯ ಮೀಟರಿನ ಆರ್.ಆರ್. ಸಂಖ್ಯೆಗೆ ಜೋಡಿಸಿದ ನಿಮ್ಮ ಆಧಾರನ್ನು ಬಿಡಿಸಿ, ಹೊಸ ಮನೆಯದಕ್ಕೆ ಜೋಡಿಸಬೇಕು. ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಬಾಡಿಗೆ ಕರಾರು ಇದ್ದರೆ ಇದೂ ಸುಲಭ, ರೇಷನ್ ಕಾರ್ಡಿನ ವಿಳಾಸ ಬದಲಾವಣೆಯೂ ಸುಲಭ.

ಬಾಡಿಗೆ ತಪ್ಪಿದಾಗ, ವಸೂಲಿಯವರು ಬಂದಾಗ

ಕಾಯಿಲೆ, ಅಪಘಾತ ಹೇಳಿ ಬರುವುದಿಲ್ಲ. ಬಾಡಿಗೆ ತಪ್ಪುವುದು ಖಚಿತವಾದರೆ ತಾರೀಕು ಕಳೆಯುವ ಮೊದಲೇ ಯಜಮಾನರ ಮನೆಗೆ ಹೋಗಿ ಹೇಳಿ, ಕೈಲಾದಷ್ಟು ಕೊಟ್ಟು ಬನ್ನಿ. ಫೋನ್ ಎತ್ತದೆ ಇರುವುದರಿಂದ ಕೆಡುವಷ್ಟು ಹೆಸರು ಬಾಕಿಯಿಂದ ಕೆಡುವುದಿಲ್ಲ.

ಬಾಡಿಗೆ ಬಾಕಿ ಇದ್ದರೂ ಸಾಮಾನನ್ನು ಬೀದಿಗೆ ಎಸೆಯುವ, ಬೀಗ ಬದಲಿಸುವ ಅಧಿಕಾರ ಯಜಮಾನರಿಗಿಲ್ಲ. ಕರಾರಿನಲ್ಲಿ ಬೇರೆ ಬರೆಯದಿದ್ದರೆ ತಿಂಗಳ ಬಾಡಿಗೆಯ ಮನೆ ಬಿಡಿಸಲು ಹದಿನೈದು ದಿನದ ನೋಟೀಸು ಕೊಡಬೇಕು. ಆಗಲೂ ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗಬೇಕು. ಬಲವಂತದಿಂದ ಹೊರಹಾಕಲ್ಪಟ್ಟವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ಅವಕಾಶವಿದೆ. ವಕೀಲರಿಗೆ ಕೊಡಲು ಹಣವಿಲ್ಲದವರು ಕುಂದಾಪುರದ ನ್ಯಾಯಾಲಯದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ಕಾಣಬಹುದು. ಹೆಂಗಸರಿಗೆ ವರಮಾನದ ಮಿತಿಯಿಲ್ಲದೆ ಉಚಿತ ನೆರವು ಸಿಗುತ್ತದೆ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. ಇದು ಯಜಮಾನರ ಮೇಲೆ ಎತ್ತುವ ಕತ್ತಿಯಲ್ಲ, ಬೇರೆ ದಾರಿ ಮುಚ್ಚಿದಾಗ ತಟ್ಟುವ ಬಾಗಿಲು.

ಸಾಲ ವಸೂಲಿಯವರು ಮನೆಯ ಮುಂದೆ ಗದ್ದಲ ಮಾಡುವುದರಿಂದಲೂ ಎಷ್ಟೋ ಕುಟುಂಬಗಳು ಮನೆ ಬಿಡಬೇಕಾಗಿ ಬಂದಿದೆ. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ ಕಿರುಸಾಲದ ವಸೂಲಿಗಾಗಿ ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ, ಬೆದರಿಸುವಂತಿಲ್ಲ. ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧಕ್ಕಿಂತ ಹೆಚ್ಚಾಗುವಂತೆ ಹೊಸ ಕಿರುಸಾಲ ಕೊಡಬಾರದೆಂದೂ ಅದು ಹೇಳುತ್ತದೆ. ನೋಂದಣಿ ಇಲ್ಲದೆ ಸಾಲ ಕೊಟ್ಟು ಪೀಡಿಸುವವರ ವಿರುದ್ಧ ಕರ್ನಾಟಕ ಸರಕಾರ 2025ರಲ್ಲಿ ಕಠಿಣ ಕಾನೂನು ತಂದಿದೆ. ಪೊಲೀಸರಿಗೆ ದೂರು ಕೊಡಲು ಹೆದರಬೇಡಿ.

ಮನೆ ಇರುವವರಿಗೆ ಒಂದು ಮಾತು

ಈ ಪುಟ ಓದುವವರಲ್ಲಿ ಬೀಗದ ಕೈ ಇಟ್ಟುಕೊಂಡವರೂ ಇದ್ದೀರಿ. ನಮ್ಮ ಮಳೆಗೆ ಮುಚ್ಚಿದ ಮನೆ ಹೆಚ್ಚು ವರ್ಷ ಬಾಳುವುದಿಲ್ಲ. ಒಡೆದ ಹೆಂಚನ್ನು ಯಾರೂ ನೋಡುವುದಿಲ್ಲ, ಗೆದ್ದಲು ಬಾಗಿಲಿನಿಂದ ಮಾಡಿಗೆ ಏರುತ್ತದೆ. ಒಲೆ ಉರಿಯುವ ಮನೆ ಉಳಿಯುತ್ತದೆ. ಅಡ್ವಾನ್ಸನ್ನು ಎರಡು ತಿಂಗಳಿಗೆ ಇಳಿಸಿ, ಕರಾರು ಬರೆಸಿಕೊಂಡು, ಗುರುತಿನವರ ಮಾತು ಕೇಳಿ ಒಂದು ಕುಟುಂಬಕ್ಕೆ ಕೊಟ್ಟು ನೋಡಿ. ಸಾಲವಿದೆ ಎಂದು ತಾವಾಗಿಯೇ ಹೇಳಿದವರನ್ನು ಆ ಕಾರಣಕ್ಕೆ ಹಿಂದೆ ಕಳುಹಿಸಬೇಡಿ. ಸತ್ಯ ಹೇಳಿದವರಿಗೆ ಬಾಗಿಲು ಮುಚ್ಚಿದರೆ ಮುಂದಿನ ಮನೆಯಲ್ಲಿ ಅವರು ಸುಳ್ಳು ಹೇಳಲು ಕಲಿಯುತ್ತಾರೆ. ವಿಧವೆಯರಿಗೆ, ಒಂಟಿ ತಾಯಂದಿರಿಗೆ 'ಗಂಡಸರು ಇಲ್ಲವೇ?' ಎಂದು ಕೇಳುವುದನ್ನೂ ಬಿಡೋಣ. ಅವರು ಬಾಡಿಗೆ ಕೊಡುತ್ತಾರೆಯೇ ಎಂಬುದಷ್ಟೇ ನಮಗೆ ಬೇಕಾದ ಉತ್ತರ.

ಮನೆಮಂದಿ ಕೂಡಿ ಮಾತಾಡಲು

1. ವರ್ಷದ ಒಟ್ಟು ವರಮಾನದಿಂದ ಕಂತುಗಳನ್ನು ಕಳೆದರೆ ನಮ್ಮ ಮನೆಗೆ ತಿಂಗಳಿಗೆ ಉಳಿಯುವುದೆಷ್ಟು? ಗಂಡಹೆಂಡಿರಿಬ್ಬರಿಗೂ ಈ ಲೆಕ್ಕ ಗೊತ್ತಿದೆಯೇ?

2. ಮಳೆಗಾಲದ ಎರಡು ತಿಂಗಳ ಬಾಡಿಗೆಗೆ ಇಂದಿನಿಂದ ಎಷ್ಟು ತೆಗೆದಿಡಬೇಕು?

3. ಕರಾರು ಪತ್ರ, ರಶೀದಿ, ಸಾಲ ತೀರಿಸಿದ ಪತ್ರಗಳು ಒಂದೇ ಕಡೆ ಇವೆಯೇ?

4. ನಾವು ಯಾರಿಗೆ ಹೆದರಿ ಬೇರೆ ದಾರಿಯಲ್ಲಿ ನಡೆಯುತ್ತಿದ್ದೇವೆ? ಈ ವಾರ ಅವರನ್ನು ಕಂಡು ಮಾತಾಡಬಹುದೇ?

5. ನಮ್ಮದೇ ಮನೆ, ಕೋಣೆ ಖಾಲಿ ಇದ್ದರೆ, ಅದು ಯಾವ ಕುಟುಂಬಕ್ಕೆ ಆಸರೆಯಾದೀತು?

ನಾಲ್ಕನೆಯ ಪ್ರಶ್ನೆಗೆ ಉತ್ತರಿಸುವುದು ಕಷ್ಟ. ಆದರೆ ಬಾಡಿಗೆ ಮನೆಯ ಹುಡುಕಾಟ ಶುರುವಾಗಬೇಕಾದದ್ದು ಅಲ್ಲಿಂದಲೇ.